ಯಾರಿಗೂ ಗೊತ್ತಿಲ್ಲದ ಜಾಗ

ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೋದ ವಾರ ಒಂದು ಪೋಲ್ ಬಂತು. ಎಕ್ಸಾಮ್ ಮುಗಿದ ಮೇಲೆ ಎರಡು ದಿನದ ಟ್ರಿಪ್ ಎಲ್ಲಿಗೆ ಅಂತ. ಗೋಕರ್ಣ ಬೇಡ, ಫುಲ್ ರಶ್. ಗೋವಾ ಬೇಡ, ಮನೆಯಲ್ಲಿ ಬಿಡಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರು, ಅಲ್ಲಿ ಬಸಾಲ್ಟ್ ಕಂಬಗಳಿಗಿಂತ ಜನರ ತಲೆಯೇ ಜಾಸ್ತಿ ಕಾಣ್ತಿತ್ತು ಅಂದರು. ಒಬ್ಬ ಅಂಡಮಾನ್ ಅಂತ ಹಾಕಿದ, ಅದಕ್ಕೆ ಹದಿನೈದು ಜನ ನಗುವ ಎಮೋಜಿ ಒತ್ತಿದರು. ಕೊನೆಗೆ ಒಬ್ಬಳು ನಮ್ಮದೇ ಹಳೆಯ ರೀಲ್ ಒಂದನ್ನು ಗ್ರೂಪಿಗೆ ಹಾಕಿ, "ಇಲ್ಲಿಗೆ ಹೋಗೋಣ, ಸುತ್ತ ನೀರು, ಸೂಪರ್ ರಿಲ್ಯಾಕ್ಸ್, ಟೂರಿಸ್ಟೇ ಇರಲ್ಲ. ಈಗ ಬ್ರಿಡ್ಜ್ ಬೇರೆ ಆಗಿದೆ, ಬಸ್ಸು ಸೀದಾ ಹೋಗತ್ತೆ" ಅಂದಳು. ಅರವತ್ತು ಜನರ ಗ್ರೂಪಿನಲ್ಲಿ ಮೂವತ್ತೊಂಬತ್ತು ವೋಟು ಬಿತ್ತು. ಬೇಡ ಅಂತ ಒತ್ತಿದ್ದು ಮೂರೇ ಜನ. ಆ ಮೂರು ಜನ ನಾವು, ಆ ರೀಲ್ ಮಾಡಿದವರು.

"ನೀವು ಹೋಗಿ ಮಜಾ ಮಾಡಿ ಬಂದು ಈಗ ನಮಗೆ ಬೇಡ ಅಂತೀರಾ? ಜಾಗ ಏನು ನಿಮ್ಮಪ್ಪಂದಾ?" ಅಂತ ಕೇಳಿದರು. ಕೇಳಿದ್ದು ಸರಿಯಾಗೇ ಇದೆ. ಆದರೆ ಗ್ರೂಪಿನಲ್ಲಿ ಎರಡು ಸಾಲು ಟೈಪ್ ಮಾಡಿದರೆ ಮುಗಿಯುವ ಉತ್ತರ ಅಲ್ಲ ಅದು, ಅದಕ್ಕೇ ಇಲ್ಲಿ ಬರೀತಿದ್ದೀವಿ.

ಮೊದಲು ಆ ಜಾಗ ಯಾವುದು ಅಂತ ಹೇಳಿಬಿಡ್ತೀವಿ. ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರು, ಅದರ ಆಚೆ ದಡದ ತುಮರಿ ಕಡೆ. ಮ್ಯಾಪಿನಲ್ಲಿ ನೋಡಿದರೆ ಅದು ಪೂರ್ತಿ ದ್ವೀಪ ಅಲ್ಲ, ಹಿಂದಿನಿಂದ ಕಾಡಿನ ಮೂಲಕ ರಸ್ತೆ ಇದೆ. ಆದರೂ ಅಲ್ಲಿನ ಜನ ತಮ್ಮ ಕಡೆಯನ್ನು ದ್ವೀಪ ಅಂತಲೇ ಕರೆಯೋದು, ಪೇಪರಿನಲ್ಲೂ ಹಾಗೇ ಬರೋದು. ಯಾಕೆ ಅಂದರೆ 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದ ಮೇಲೆ ಅವರ ತಾಲ್ಲೂಕು ಕೇಂದ್ರ, ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ನೀರಿನ ಈಚೆ ಉಳಿದವು. ದಾಟೋಕೆ ಇದ್ದದ್ದು ಲಾಂಚ್. ಹೊಳೆಬಾಗಿಲಿನಲ್ಲಿ ಹತ್ತಿದರೆ ಕಳಸವಳ್ಳಿಯಲ್ಲಿ ಇಳಿಯೋದು. ಬಸ್ಸು, ಕಾರು, ಬೈಕು, ಹಾಲಿನ ಕ್ಯಾನು, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ಸಂಜೆ ಕತ್ತಲಾದ ಮೇಲೆ ಇಲ್ಲ.

ನಮ್ಮ ಮೂವರಲ್ಲಿ ಒಬ್ಬನ ಅಜ್ಜಿಮನೆ ಅಲ್ಲಿದೆ. ಫಸ್ಟ್ ಸೆಮ್ ಮುಗಿದಾಗ, 2025ರ ಫೆಬ್ರವರಿಯಲ್ಲಿ, ನಾವು ಮೊದಲ ಸಲ ಹೋಗಿದ್ದು. ಬೆಂಗಳೂರಿನಿಂದ ರಾತ್ರಿ ರೈಲು, ಸಾಗರದಲ್ಲಿ ಇಳಿದು ಬಸ್ಸು, ಆಮೇಲೆ ಲಾಂಚ್. ನಾವು ಹೋದ ದಿನ ಲಾಂಚಿನ ತುಂಬ ಸಿಗಂದೂರು ಚೌಡೇಶ್ವರಿಗೆ ಹೋಗುವ ಭಕ್ತರು, ಕಾಲಿಡೋಕೂ ಜಾಗ ಇರಲಿಲ್ಲ. ಇಳಿದ ಮೇಲೆ ಜನ ಎಲ್ಲ ದೇವಸ್ಥಾನದ ಕಡೆ ಹೋದರು, ನಾವು ಜೀಪು ಹತ್ತಿ ಇನ್ನೊಂದು ಕಡೆ ತಿರುಗಿದ್ವಿ. ಹತ್ತು ನಿಮಿಷಕ್ಕೆ ಸದ್ದೇ ನಿಂತು ಹೋಯ್ತು.

ನಿಜ ಹೇಳ್ತೀವಿ, ಅಂಥ ಎರಡು ದಿನ ನಮಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಅಡಿಕೆ ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ ಹರವಿತ್ತು. ಬೆಳಗ್ಗೆ ಬಚ್ಚಲ ಒಲೆಯ ಹೊಗೆ, ಹಂಡೆಯ ನೀರು, ನೀರುದೋಸೆ. ಮಧ್ಯಾಹ್ನ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಫೋನಿಗೆ ಒಂದು ಗೆರೆ ನೆಟ್‌ವರ್ಕ್ ಬೇಕು ಅಂದರೂ ಗುಡ್ಡದ ಮೇಲಿನ ಒಂದು ಬಂಡೆ ಹತ್ತಬೇಕು. ಸಂಜೆ ನೀರಿನ ಅಂಚಿಗೆ ಹೋಗಿ ಕೂತರೆ ದೂರದಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ನಡುಗಡ್ಡೆ, ಕೆಲವು ಕಡೆ ನೀರಿನಿಂದ ಎದ್ದು ನಿಂತ ಒಣಗಿದ ಮರದ ಬೊಡ್ಡೆ, ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿರೋದು. ಸೆಮಿಸ್ಟರ್ ಪೂರ್ತಿ ತಲೆಯಲ್ಲಿ ಓಡುತ್ತಿದ್ದ ಫ್ಯಾನು ಒಂದು ಆಫ್ ಆದ ಹಾಗಾಯ್ತು. ಅಲ್ಲೇ ಕೂತು ಆ ರೀಲ್ ಮಾಡಿದ್ವಿ. ಮೇಲೆ ಬರೆದದ್ದು: ಯಾರಿಗೂ ಗೊತ್ತಿಲ್ಲದ ದ್ವೀಪ.

ಆ ಸಂಜೆ ಮನೆಗೆ ಬಂದು ಅಜ್ಜಿಗೆ ರೀಲ್ ತೋರಿಸಿದ್ವಿ. ಅಜ್ಜಿಗೆ ಎಪ್ಪತ್ತು ಆಗಿದೆ, ಕಣ್ಣು ಚೆನ್ನಾಗಿದೆ. ಎರಡು ಸಲ ನೋಡಿದರು. "ಇದು ಎಂಥದ್ದು ಬರದ್ದು ಮೇಲೆ?" ಅಂದರು. ಮೊಮ್ಮಗ ಓದಿ ಹೇಳಿದ. ಅಜ್ಜಿ ನಕ್ಕರು. "ಯಾರಿಗೂ ಅಂದ್ರೆ ಯಾರಿಗೆ?" ಅಂದರು.

ಅಷ್ಟೇ ಕೇಳಿದ್ದು. ಬೈಯಲಿಲ್ಲ, ಪಾಠ ಮಾಡಲಿಲ್ಲ. ಆಮೇಲೆ ಮಾತಿಗೆ ಮಾತು ಬಂತು. ನಾವು ನೋಡಿ ಮೆಚ್ಚಿದ್ದ ಆ ನಡುಗಡ್ಡೆಗಳು ಗುಡ್ಡದ ತಲೆಗಳು ಅಂತೆ. ಅಜ್ಜಿ ಸಣ್ಣವರಿದ್ದಾಗ ಆ ಗುಡ್ಡಕ್ಕೆ ದನ ಮೇಯಿಸೋಕೆ ಹೋಗ್ತಿದ್ದರಂತೆ. ಬುಡದಲ್ಲಿ ಗದ್ದೆ, ಗದ್ದೆಯ ಪಕ್ಕ ಅವರ ತವರುಮನೆ. ನೀರು ನಿಲ್ಲೋಕೆ ಶುರುವಾದಾಗ ಅವರಿಗೆ ಒಂಬತ್ತು ವರ್ಷ. ಸಾಮಾನನ್ನು ಗಾಡಿಗೆ ತುಂಬಿಸಿ ಹೊರಟದ್ದು ನೆನಪಿದೆ, ಬಾಗಿಲು ಕಿತ್ತು ತಂದದ್ದು ನೆನಪಿದೆ, ತುಳಸಿ ಕಟ್ಟೆ ಬಿಟ್ಟು ಬಂದದ್ದು ನೆನಪಿದೆ. ಮದುವೆಯಾಗಿ ಈ ದಡಕ್ಕೆ ಬಂದರು. "ತವರಿಗೆ ಹೋಪದು ಅಂದ್ರೆ ನಾ ಮೀನಾಗ್ಬೇಕು" ಅಂತ ಹೇಳಿ ಮತ್ತೆ ನಕ್ಕರು. ನಮಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಆ ನೀರಿನಿಂದ ಏನಾಯ್ತು ಅನ್ನೋದು ನಮಗೆ, ಎಂಜಿನಿಯರಿಂಗ್ ಓದುವವರಿಗೆ, ಚೆನ್ನಾಗಿ ಗೊತ್ತು. ಅಥವಾ ಗೊತ್ತು ಅಂದುಕೊಂಡಿದ್ವಿ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ 10 ಘಟಕ, ಒಟ್ಟು 1035 ಮೆಗಾವ್ಯಾಟ್. ಎಷ್ಟೋ ವರ್ಷ ಇಡೀ ರಾಜ್ಯದ ಬೆನ್ನೆಲುಬು ಅದು. ಹೆಡ್, ಡಿಸ್ಚಾರ್ಜ್, ಎಫಿಷಿಯನ್ಸಿ ಹಾಕಿ ಪವರ್ ಲೆಕ್ಕ ಮಾಡೋ ಪ್ರಾಬ್ಲಮ್ ನಾವೆಲ್ಲ ಮಾಡಿದ್ದೀವಿ, ಐದು ಮಾರ್ಕ್ಸಿನದ್ದು. ಅದರ ಚಿತ್ರದಲ್ಲಿ ಡ್ಯಾಂ ಹಿಂದೆ ಒಂದು ನೀಲಿ ತ್ರಿಕೋನ ಇರತ್ತೆ. ಅದರೊಳಗೆ ತುಳಸಿ ಕಟ್ಟೆ ಇರತ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಮ್ಮ ಹಾಸ್ಟೆಲಿನ ಗೀಸರಿಗೆ ಬರುವ ಕರೆಂಟಿನಲ್ಲಿ ಶರಾವತಿ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ, ಗ್ರಿಡ್ಡಿನಲ್ಲಿ ಎಲ್ಲ ಸೇರಿಹೋಗಿರತ್ತೆ. ಆದರೆ ಅಜ್ಜಿಮನೆಗೆ ಕರೆಂಟು ಬಂದದ್ದು ಯಾವಾಗ ಅಂತ ಅಜ್ಜಿ ಹೇಳ್ತಾರೆ: "ಇವನ ಅಮ್ಮಂಗೆ ಮದ್ವೆ ಆದ ಮೇಲೆ." ಅಷ್ಟು ವರ್ಷ ತಲೆಯ ಮೇಲೆ ತಂತಿ ಇರಲಿಲ್ಲ, ಪಕ್ಕದಲ್ಲೇ ನೀರು ನಿಂತಿತ್ತು, ಮನೆಯಲ್ಲಿ ಚಿಮಣಿ ದೀಪ.

ಒಂದು ಅಡ್ಡಮಾತು. ಆ ಕಡೆ ಬೇಸಿಗೆಯಲ್ಲಿ ನೀರು ತುಂಬ ಇಳಿದಾಗ ಇನ್ನೊಂದು ಡ್ಯಾಂ ಹೊರಗೆ ಕಾಣತ್ತೆ, ಮಡೆನೂರಿನ ಹಿರೇಭಾಸ್ಕರ ಡ್ಯಾಂ. 1940ರ ದಶಕದಲ್ಲಿ ಕಟ್ಟಿದ್ದು, ಸೈಫನ್ ಇರುವ ಡ್ಯಾಂ. ಅದಕ್ಕಿಂತ ದೊಡ್ಡದು ಬೇಕು ಅಂತ ಲಿಂಗನಮಕ್ಕಿ ಕಟ್ಟಿದಾಗ ಅದೂ ಮುಳುಗಿತು. ಡ್ಯಾಮೇ ಮುಳುಗಡೆ ಸಂತ್ರಸ್ತ! ಈಗ ನೀರಿಳಿದ ವರ್ಷ ಅದನ್ನು ನೋಡೋಕೂ ಜನ ಹೋಗ್ತಾರೆ, ಅದಕ್ಕೂ ರೀಲ್ ಇದೆ, ಅದರ ಮೇಲೂ ಯಾರಿಗೂ ಗೊತ್ತಿಲ್ಲ ಅಂತಲೇ ಬರೆದಿರತ್ತೆ.

ವಾಪಸ್ ಆ ರಾತ್ರಿಗೆ ಬರೋಣ. ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ವಿ. ನಮ್ಮಲ್ಲೊಬ್ಬ, ಹೆಸರು ಬೇಡ, ಮಾತಿಗೆ ಅಂದ: "ಅಜ್ಜಿ, ಸಂಜೆ ಆದ ಮೇಲೆ ಲಾಂಚೇ ಇಲ್ಲ ಅಂದರೆ ಎಷ್ಟು ಚೆಂದ ಅಲ್ವಾ? ಯಾರೂ ಬರೋ ಹಾಗಿಲ್ಲ, ಹೋಗೋ ಹಾಗೂ ಇಲ್ಲ. ಬ್ರಿಡ್ಜ್ ಆದ್ರೆ ಇದೆಲ್ಲ ಹಾಳಾಗತ್ತೆ."

ಆಗ ಸೇತುವೆಯ ಕೆಲಸ ಮುಗಿಯುತ್ತಾ ಬಂದಿತ್ತು. ಲಾಂಚಿನಲ್ಲಿ ಬರುವಾಗ ಕಂಬಗಳನ್ನೂ ಕೇಬಲ್‌ಗಳನ್ನೂ ನೋಡಿ ನಮ್ಮ ಸಿವಿಲ್‌ನವನು ಕುಣಿದಿದ್ದ. ಉಳಿದವರು ಫೋಟೋದಲ್ಲಿ ಅದು ಬರದ ಹಾಗೆ ಫೋನನ್ನು ಆಚೆ ತಿರುಗಿಸಿದ್ವಿ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗೋಡೆಯ ಮೇಲಿದ್ದ ಅಜ್ಜನ ಫೋಟೋ ತೋರಿಸಿ ಹೇಳಿದರು. ಕೆಲವು ವರ್ಷದ ಹಿಂದೆ, ಆಟಿ ಮಳೆಯ ಹೊತ್ತು. ರಾತ್ರಿ ಎಂಟಕ್ಕೆ ಅಜ್ಜನಿಗೆ ಎದೆನೋವು ಬಂತು. ಲಾಂಚು ಕಟ್ಟಿ ಆಗಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಮಲಗಿಸಿಕೊಂಡು ಕಾಡಿನ ದಾರಿ ಸುತ್ತಿ ಹೊರಟರು. ಒಂದು ಕಡೆ ಮರ ಬಿದ್ದಿತ್ತು, ಕಡಿದು ದಾರಿ ಮಾಡಬೇಕಾಯ್ತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. "ಆಚೆ ದಡದ ಲೈಟು ಇಲ್ಲಿಗೇ ಕಾಣ್ತದೆ ನೋಡಿ. ಅಷ್ಟೇ ದೂರ" ಅಂದರು.

ಕಾಣ್ತಿತ್ತು ನಿಜ. ನಾವು ಅದೇ ಲೈಟನ್ನು ಮೊದಲ ದಿನ ಸಂಜೆ ವಿಡಿಯೋ ಮಾಡಿದ್ವಿ, ನೀರಿನಲ್ಲಿ ಅದರ ಬಿಂಬ ಚೆನ್ನಾಗಿ ಬರ್ತಿತ್ತು. ಅಜ್ಜನ ವಿಷಯ ಮೊಮ್ಮಗನಿಗೆ ಗೊತ್ತಿತ್ತು, ನಮಗೆ ಯಾವತ್ತೂ ಹೇಳಿರಲಿಲ್ಲ. ಬ್ರಿಡ್ಜ್ ಬೇಡ ಅಂದವನು ಎದ್ದು ಹೋಗಿ ಅಂಗಳದಲ್ಲಿ ನಿಂತ.

ನಾವು ಹೇಳಬೇಕು ಅಂದುಕೊಂಡಿರೋದು ಇಲ್ಲಿಂದಲೇ ಶುರುವಾಗೋದು. "ಟೂರಿಸ್ಟ್ ಇಲ್ಲದ ದ್ವೀಪ" ಅಂತ ನಾವು ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ನಮಗೆ ಸಿಗುವ ಶಾಂತಿಯನ್ನು ಪ್ರಕೃತಿಯೇ ಮಾಡಿಟ್ಟಿದೆ ಅಂದುಕೊಳ್ತೀವಿ. ಬಹಳ ಸಲ ಅದು ಹಾಗಲ್ಲ. ಅಲ್ಲಿ ಗಾಡಿ ಸದ್ದಿಲ್ಲ ಅಂದರೆ ರಸ್ತೆ ಇಲ್ಲ ಅಂತ. ರಾತ್ರಿ ನಕ್ಷತ್ರ ಚೆನ್ನಾಗಿ ಕಾಣತ್ತೆ ಅಂದರೆ ಬೀದಿದೀಪ ಇಲ್ಲ ಅಂತ. ಜನ ಇಲ್ಲ ಅಂದರೆ ಎಬ್ಬಿಸಿ ಕಳಿಸಿದ್ದಾರೆ ಅಂತ. ಸಾವಿರಾರು ಕುಟುಂಬಗಳು ಈ ಕಣಿವೆಯಿಂದ ಎದ್ದು ಹೋದವು, ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಕೊಟ್ಟ ಜಮೀನಿನ ಹಕ್ಕುಪತ್ರಕ್ಕೆ ಅವರ ಮೊಮ್ಮಕ್ಕಳು ಈಗಲೂ ಕಚೇರಿ, ಕೋರ್ಟು ಅಂತ ಅಲೆಯುತ್ತಿದ್ದಾರೆ. ಉಳಿದುಕೊಂಡವರು ಲಾಂಚಿಗೆ ಕಾದರು. ಅರವತ್ತು ವರ್ಷ. ಎರಡು ದಿನ ಬಂದ ನಾವು ಆ ಕಾಯುವಿಕೆಗೆ "ರಿಲ್ಯಾಕ್ಸಿಂಗ್" ಅಂತ ಹೆಸರಿಟ್ವಿ.

ಊರಿಗೆ ವಾಪಸ್ ಬಂದ ಮೇಲೆ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಓದಿದ್ವಿ. ಸಾಗರದವರು, ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡ್ತಾ ಮುಳುಗಡೆಯನ್ನು ಹತ್ತಿರದಿಂದ ನೋಡಿದವರು. ನಾವು ಹೋಗುವ ಒಂದು ತಿಂಗಳ ಹಿಂದಷ್ಟೇ, 2025ರ ಜನವರಿಯಲ್ಲಿ, ತೀರಿಕೊಂಡಿದ್ದರು. ಆಗ ನಮ್ಮ ಕ್ಲಬ್ಬಿನ ಸ್ಟೇಟಸ್ಸಿನಲ್ಲಿ ಅವರ ಫೋಟೋ ಹಾಕಿದ್ದು ನಾವೇ, ಒಂದು ಪುಸ್ತಕವನ್ನೂ ಓದದೆ. ಪುಸ್ತಕ ಚಿಕ್ಕದು, ಆದರೂ ಇಂಗ್ಲಿಷ್ ಮೀಡಿಯಮ್ಮಿನ ನಮ್ಮ ಕನ್ನಡದ ಸ್ಪೀಡಿಗೆ ಎರಡು ವಾರ ಹಿಡಿಯಿತು. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿ, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಡ್ಯಾಮಿನ ನೀರು ಏರುತ್ತಾ ಬಂದಾಗ ನಡುವೆ ಉಳಿದ ಒಂದು ಕುಟುಂಬದ ಕತೆ ಅದು. ದ್ವೀಪ ಅನ್ನುವ ಪದ ಕೇಳಿದರೆ ನಮಗೆ ತೆಂಗಿನ ಮರ, ಹ್ಯಾಮಕ್, ಸನ್‌ಗ್ಲಾಸು ನೆನಪಾಗ್ತಿತ್ತು. ಅದೇ ಪದ ಆ ತಾಲ್ಲೂಕಿನ ಒಬ್ಬ ಲೇಖಕರಿಗೆ ಏನು ನೆನಪಿಸಿತ್ತು ಅಂತ ಓದಿದ ಮೇಲೆ ಗೊತ್ತಾಯ್ತು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯ್ತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, ಸುಮಾರು 2.4 ಕಿಲೋಮೀಟರ್, ನಡುವಿನ ಭಾಗ ಕೇಬಲ್‌ಗಳ ಮೇಲೆ ನಿಂತಿದೆ. ಯಾರು ಮಾಡಿಸಿದ್ದು, ಯಾರನ್ನು ಕರೆಯಲಿಲ್ಲ ಅನ್ನೋ ಜಗಳ ಟಿವಿಯಲ್ಲಿ ನೀವೂ ನೋಡಿರ್ತೀರಿ, ಅದು ಬಿಡಿ. ಆ ವಾರ ನಮ್ಮ ಫೀಡಿನಲ್ಲಿ ಎರಡು ಥರದ ಪೋಸ್ಟ್ ಬಂದವು. ಒಂದು, ಡ್ರೋನ್ ಶಾಟು, ಹಿಂದೆ ಸಿನಿಮಾ ಮ್ಯೂಸಿಕ್ಕು. ಇನ್ನೊಂದು, "ಇನ್ನು ಸಿಗಂದೂರು ಮೊದಲಿನ ಹಾಗೆ ಇರಲ್ಲ, ಲಾಂಚ್ ಜರ್ನಿಯ ಮಜಾ ಹೋಯ್ತು, ಒಡೆದ ಹೃದಯ." ಎರಡನೇದನ್ನು ಹಾಕಿದವರಲ್ಲಿ ಹೊಳೆಯ ಆಚೆಯವರು ಒಬ್ಬರೂ ಇರಲಿಲ್ಲ, ನಮಗೆ ಕಂಡ ಮಟ್ಟಿಗೆ. ನಾವು ಫೆಬ್ರವರಿಯಲ್ಲಿ ಜಗಲಿಯ ಮೇಲೆ ಆಡಿದ ಮಾತೇ ಅದು, ಬೇರೆಯವರ ಬಾಯಲ್ಲಿ. ನೋಡೋಕೆ ಮುಜುಗರ ಆಯ್ತು.

ಹಾಗಂತ ಸೇತುವೆ ಬಂದು ಎಲ್ಲ ಚೆಂದ ಆಯ್ತು ಅಂತಲೂ ನಾವು ಹೇಳಲ್ಲ. ಡಿಸೆಂಬರಿನಲ್ಲಿ ಎರಡನೇ ಸಲ ಹೋದಾಗ ಕಂಡದ್ದನ್ನೂ ಹೇಳಬೇಕು. ಸೇತುವೆಯ ಮೇಲೆ ಸಾಲಾಗಿ ಕಾರು ನಿಲ್ಲಿಸಿ ಸೆಲ್ಫಿ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವವರಿಗೆ ಚಹಾ, ಮಂಡಕ್ಕಿ ಮಾರ್ತಿದ್ದ ಅಂಗಡಿಗೆ ಗಿರಾಕಿ ಇಲ್ಲ. ಕಾಯುವವರು ಇದ್ದರೆ ತಾನೆ? ನಾವು ರೀಲ್ ಮಾಡಿದ್ದ ನೀರಿನಂಚಿನಲ್ಲಿ ಬಿಯರ್ ಬಾಟಲಿ, ಚಿಪ್ಸ್ ಕವರು, ಅರ್ಧ ಸುಟ್ಟ ಕಟ್ಟಿಗೆ. ಯಾರೋ ಬ್ಲೂಟೂತ್ ಸ್ಪೀಕರ್ ತಂದು ರಾತ್ರಿ ಎರಡರವರೆಗೆ ಹಾಡು ಹಾಕಿದ್ದರಂತೆ. ನಡುಗಡ್ಡೆಗೆ ಹೋಗಬೇಕು, ತೆಪ್ಪ ಕೊಡಿ ಅಂತ ಮೀನು ಹಿಡಿಯುವವರಿಗೆ ದುಡ್ಡಿನ ಆಸೆ ತೋರಿಸ್ತಾರಂತೆ. ಆ ನೀರಿನ ಕೆಳಗೆ ಮರದ ಬೊಡ್ಡೆಗಳಿವೆ, ಮೇಲಿನಿಂದ ಕಾಣಲ್ಲ, ತೆಪ್ಪ ತಾಗಿದರೆ ಮುಗೀತು. ಈ ಹಿನ್ನೀರಿನಲ್ಲಿ ತೆಪ್ಪ ಮಗುಚಿ ನಮ್ಮ ವಯಸ್ಸಿನವರೇ ಸತ್ತಿದ್ದಾರೆ. ಅಜ್ಜಿ ಮನೆಯ ಹತ್ತಿರದ ಜಾಗ ಹೇಗೆ ಗೊತ್ತಾಯ್ತು ಅಂತ ಒಬ್ಬ ಹುಡುಗನನ್ನು ಕೇಳಿದ್ವಿ. ಇನ್‌ಸ್ಟಾದಲ್ಲಿ ನೋಡಿದ್ದು ಅಂದ. ನಮ್ಮದೇ ರೀಲೋ ಬೇರೆಯದೋ ಕೇಳುವ ಧೈರ್ಯ ಬರಲಿಲ್ಲ. ಆ ರಾತ್ರಿ ಬಂಡೆ ಹತ್ತಿ ನಮ್ಮದನ್ನು ಡಿಲೀಟ್ ಮಾಡಿದ್ವಿ. ಡೌನ್‌ಲೋಡ್ ಮಾಡಿಟ್ಟುಕೊಂಡವರು ಇರ್ತಾರೆ ಅನ್ನೋದು ಪೋಲ್ ಬಂದಾಗಲೇ ಗೊತ್ತಾಗಿದ್ದು.

ಈಗ ನಿಮ್ಮ ಪ್ರಶ್ನೆಗೆ ಬರ್ತೀವಿ. ಜಾಗ ನಮ್ಮಪ್ಪಂದಲ್ಲ. ಹಾಗಾದ್ರೆ ಯಾರದ್ದೂ ಅಲ್ವಾ?

ನಮ್ಮ ಮೊದಲ ಯೋಚನೆ ಏನಿತ್ತು ಅಂದರೆ, ಯಾರನ್ನೂ ಕಳಿಸಬಾರದು, ಅಡ್ರೆಸ್ಸನ್ನೇ ಹೇಳಬಾರದು. ಬಹಳ ಒಳ್ಳೆಯವರ ಥರ ಅನ್ನಿಸಿತ್ತು ನಮಗೆ. ಅದನ್ನು ಮಾವನಿಗೆ ಹೇಳಿದ್ವಿ. ಮಾವ ಅಂದರೆ ಅಜ್ಜಿಯ ಮಗ, ತೋಟ ನೋಡಿಕೊಳ್ಳೋದು ಅವರೇ, ನಾವೂ ಮಾವ ಅಂತಲೇ ಕರೆಯೋದು. ಅವರು ನಮ್ಮನ್ನು ಒಂಥರಾ ನೋಡಿದರು. ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಎರಡು ವರ್ಷ ಆಯ್ತು, ಫಸಲು ಅರ್ಧ ಆಗಿದೆ, ಔಷಧಿ ಹೊಡೆಯೋಕೆ ಆಳು ಸಿಗಲ್ಲ. ಸೇತುವೆ ಆದ ಮೇಲೆ ಎರಡು ಕೋಣೆ ಸರಿ ಮಾಡಿಸಿ ಬಂದವರಿಗೆ ಊಟ, ವಸತಿ ಕೊಡೋಣ ಅಂತ ಅವರ ಆಲೋಚನೆ. "ಜನ ಬರೋದೇ ಬೇಡ ಅಂದ್ರೆ ಹ್ಯಾಂಗೆ ಮಾರಾಯ್ರೆ? ಅರವತ್ತು ವರ್ಷ ಯಾರೂ ಬರ್ಲಿಲ್ಲ ಅಂತ ನಾವು ಕೂಗಿದ್ದಲ್ವಾ?" ಅಂದರು.

ನಮಗೆ ಎರಡನೇ ಸಲ ಬಾಯಿ ಮುಚ್ಚಿತು. ಮೊದಲನೇ ಸಲ ಬ್ರಿಡ್ಜ್ ಬೇಡ ಅಂದಾಗ ಅಜ್ಜಿ, ಈ ಸಲ ಟೂರಿಸ್ಟ್ ಬೇಡ ಅಂದಾಗ ಮಾವ. ಎರಡು ಸಲವೂ ನಾವು ಆ ಊರಿನ ಪರವಾಗಿ ಮಾತಾಡ್ತಿದ್ದೀವಿ ಅಂದುಕೊಂಡೇ ನಮ್ಮ ಅನುಕೂಲ ಮಾತಾಡಿದ್ವಿ. ನಾವು ಕಂಡುಹಿಡಿದ ಜಾಗ ನಮಗಷ್ಟೇ ಇರಲಿ ಅನ್ನೋದು ಅದರೊಳಗಿನ ಆಸೆ, ಮೇಲೆ ಪರಿಸರದ ಹೆಸರು.

ಆಮೇಲೆ ಕೇಳಿದ್ವಿ: "ಹಾಗಾದ್ರೆ ಮಾವ, ನಮ್ಮ ಕ್ಲಾಸಿನವರು ಅರವತ್ತು ಜನ ಬರ್ತೀವಿ ಅಂದ್ರೆ?" ಪೋಲ್ ಬರುವ ಮೊದಲಿನ ಮಾತು ಇದು, ತಮಾಷೆಗೆ ಕೇಳಿದ್ದು. ಮಾವ ಬಾವಿಯ ಕಡೆ ನೋಡಿದರು, ಬಚ್ಚಲ ಕಡೆ ನೋಡಿದರು, ಲೆಕ್ಕ ಹಾಕಿದರು. "ಹತ್ತು ಜನ ಬಂದ್ರೆ ನಿಮ್ಮ ಅತ್ತೆ ಒಬ್ಬಳೇ ಊಟ ಹಾಕ್ತಾಳೆ. ಅರವತ್ತು ಬಂದ್ರೆ ಮದ್ವೆಮನೆ. ಮದ್ವೆ ಒಂದು ದಿನಕ್ಕೆ ಚೆಂದ, ವಾರ ವಾರ ಮಾಡಕ್ಕಾಗ್ತದಾ?"

ನಮ್ಮ ಅಭಿಪ್ರಾಯ ಏನು ಅಂತ ಕೇಳಿದರೆ ಇದೇ. ಎಷ್ಟು ಜನ ಬರಬೇಕು ಅನ್ನುವ ಸಂಖ್ಯೆಯನ್ನು ಅಲ್ಲಿರುವವರು ಹೇಳಬೇಕು. ಬರುವ ನಾವಲ್ಲ, ನಮ್ಮ ಬಸ್ಸಿನ ಸೀಟಿನ ಲೆಕ್ಕವೂ ಅಲ್ಲ. ಲಕ್ಷದ್ವೀಪಕ್ಕೆ ನಾವು ಭಾರತೀಯರೇ ಆದರೂ ಪರ್ಮಿಟ್ ಇಲ್ಲದೆ ಹೋಗೋ ಹಾಗಿಲ್ಲ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದಾಗ ದೇಶವೆಲ್ಲ ಒಂದೇ ಸಲ ಲಕ್ಷದ್ವೀಪ ಅಂತ ಗೂಗಲ್ ಮಾಡಿತು, ನಮ್ಮ ಹಾಸ್ಟೆಲ್ ಸೀನಿಯರ್ಸ್ ಕೂಡ. ಪರ್ಮಿಟ್ ಅಂದ ಕೂಡಲೇ "ಅಯ್ಯೋ ತಲೆನೋವು" ಅಂತ ಬಿಟ್ಟರು. ಆ ತಲೆನೋವಿಗೆ ಒಂದು ಕಾರಣ ಇದೆ ಅಂತ ಈಗ ಅನ್ನಿಸತ್ತೆ. ಸಣ್ಣ ದ್ವೀಪ, ಕುಡಿಯುವ ನೀರು ಕಮ್ಮಿ, ಕಸ ಹಾಕೋಕೆ ಜಾಗ ಇಲ್ಲ, ಅಲ್ಲಿನವರದ್ದೇ ಬದುಕು ಇದೆ. ಕೇಳಿ ಒಳಗೆ ಬರಬೇಕು ಅನ್ನೋದು ಅದರ ಅರ್ಥ. ಶರಾವತಿಯ ದಡದಲ್ಲಿ ಅಂಥ ಗೇಟು ಇಲ್ಲ, ಇರಬೇಕು ಅಂತಲೂ ನಾವು ಹೇಳ್ತಿಲ್ಲ. ಅರವತ್ತು ವರ್ಷ ನೀರೇ ಗೇಟಾಗಿತ್ತು, ಅದು ಸಾಕು. ಆದರೆ ಗೇಟಿಲ್ಲದ ಮನೆಗೂ ನಾವು ಹೊರಗೆ ನಿಂತು ಕೂಗಿಯೇ ಒಳಗೆ ಹೋಗೋದು.

ಹಾಗಾಗಿ ಬ್ಯಾಚಿನವರಿಗೆ ನಾವು ಕೊಡುವ ಸಲಹೆ ಹೀಗಿದೆ, ಬೈಕೊಂಡರೂ ಪರವಾಗಿಲ್ಲ. ಅರವತ್ತು ಜನಕ್ಕೆ ಒಂದು ಬಸ್ಸು ಮಾಡಿ ಜೋಗಕ್ಕೆ ಹೋಗಿ. ಅದು ಅಷ್ಟು ಜನರನ್ನು ತಡೆದುಕೊಳ್ಳೋಕೆ ತಯಾರಿರುವ ಜಾಗ. ಪಾರ್ಕಿಂಗ್ ಇದೆ, ಶೌಚಾಲಯ ಇದೆ, ಕಸದ ಬುಟ್ಟಿ ಇದೆ. ರಶ್ ಇರತ್ತೆ, ಇರಲಿ, ನಾವೇ ಅರವತ್ತು ಜನ ಹೋದ ಮೇಲೆ ರಶ್ ಅಂತ ಬೇರೆಯವರನ್ನು ದೂರೋದು ಹೇಗೆ? ಹೊಳೆಯ ಆಚೆಗೆ ಹೋಗಬೇಕು ಅನ್ನುವವರು ಹತ್ತು ಹತ್ತು ಜನ, ಬೇರೆ ಬೇರೆ ವಾರ, ಮಾವನಿಗೆ ಫೋನ್ ಮಾಡಿ, ಅವರು ಆಗತ್ತೆ ಅಂದರೆ ಹೋಗಿ. ಮಾವನಿಗೆ ನೆಟ್‌ವರ್ಕ್ ಸಿಗೋ ತನಕ ನಾಲ್ಕೈದು ಸಲ ಮಾಡಬೇಕಾಗತ್ತೆ. ಊಟಕ್ಕೆ ಎಷ್ಟು ಅಂತ ಅವರು ಹೇಳಿದಷ್ಟು ಕೊಡಿ, "ನಾವು ಸ್ಟೂಡೆಂಟ್ಸು ಅಂಕಲ್" ಅಂತ ಚೌಕಾಶಿಗೆ ಇಳಿಯಬೇಡಿ. ಅವರನ್ನು ಅಂಕಲ್ ಅನ್ನಲೂ ಬೇಡಿ, ಸಿಟ್ಟು ಬರತ್ತೆ. ನಡುಗಡ್ಡೆಗೆ ತೆಪ್ಪದಲ್ಲಿ ಹೋಗೋದು ಬೇಡವೇ ಬೇಡ, ಈಜು ಬಂದರೂ. ಸ್ಪೀಕರ್ ಬೇಡ. ಮತ್ತೆ ಆ ಪೋಲಿನಲ್ಲಿ "ಟೂರಿಸ್ಟೇ ಇರಲ್ಲ" ಅಂತ ಬರೆದವಳೇ, ನೀನು ಹೋದ ದಿನ ಒಬ್ಬಳಂತೂ ಇರ್ತೀಯ.

ಇಷ್ಟು ಹೇಳೋಕೆ ನಮಗೆ ಯಾವ ಹಕ್ಕಿದೆ ಅಂತ ನೀವು ಕೇಳಬಹುದು. ಮೊದಲು ತಪ್ಪು ಮಾಡಿದವರು ಅನ್ನೋ ಹಕ್ಕು, ಅಷ್ಟೇ.

ಡಿಸೆಂಬರಿನ ಆ ಟ್ರಿಪ್ಪಿನ ಕೊನೇ ಸಂಜೆ ಅಜ್ಜಿ, ತಮ್ಮನ್ನು ಸೇತುವೆಗೆ ಕರೆದುಕೊಂಡು ಹೋಗಿ ಅಂದರು. ಕಾರಿನಲ್ಲಿ ನಾಲ್ಕೈದು ಸಲ ದಾಟಿದ್ದರಂತೆ, ನಡೆದಿರಲಿಲ್ಲ. ಮಾವ ಜೀಪಿನಲ್ಲಿ ದಡದ ತನಕ ಬಿಟ್ಟರು. ಗಾಳಿ ಜೋರಿತ್ತು, ಸೆರಗನ್ನು ತಲೆಗೆ ಸುತ್ತಿಕೊಂಡು ನಡೆದರು. ಸಿವಿಲ್‌ನವನು ಕೇಬಲ್ ಹೇಗೆ ಭಾರ ಹೊರತ್ತೆ ಅಂತ ವಿವರಿಸ್ತಾ ಬಂದ, ಅಜ್ಜಿ ಹೂಂ ಹೂಂ ಅಂದರು. "ಲಾಂಚಾಗಿದ್ರೆ ಕೂತ್ಕಂಡು ಹೋಗಬೌದಿತ್ತು" ಅಂತಲೂ ಅಂದರು. ನಡುವೆ ಒಂದು ಕಡೆ ನಿಂತು, ಕಂಬಿ ಹಿಡಿದು, ತವರುಮನೆ ಇದ್ದ ದಿಕ್ಕಿಗೆ ಬಹಳ ಹೊತ್ತು ನೋಡಿದರು. ಏನಾದ್ರೂ ಕಾಣತ್ತಾ ಅಜ್ಜಿ ಅಂತ ಕೇಳಿದ್ವಿ. "ನೀರು" ಅಂದರು.

ಆಮೇಲೆ ಮೊಮ್ಮಗನ ಫೋನ್ ಇಸ್ಕೊಂಡು ಸಾಗರದಲ್ಲಿರುವ ತಂಗಿಗೆ ಫೋನ್ ಹಚ್ಚೋಕೆ ಹೇಳಿದರು. ಗಾಳಿಗೆ ಕೇಳಲ್ಲ ಅಂತ ಜೋರಾಗಿ ಕೂಗಿ ಮಾತಾಡಿದರು. ಇವತ್ತು ರಾತ್ರಿ ಊಟಕ್ಕೆ ಬರ್ತೀವಿ, ಹುಡುಗ್ರು ಮೂವರಿದ್ದಾರೆ, ಅಕ್ಕಿ ಜಾಸ್ತಿ ಹಾಕು, ಉಳಿಯೋದಿಲ್ಲ, ಊಟ ಮಾಡಿ ರಾತ್ರಿಯೇ ವಾಪಸ್.